ಅರ್ಜಿ ಮತ್ತು ಮೂಗರ್ಜಿ

ಒಂದು ದೇಶದ ಚುನಾವಣೆಯಲ್ಲಿ ಇನ್ನೊಂದು ದೇಶ ಕೈಹಾಕುವುದನ್ನು ಹೇಳಲು ನಮ್ಮಲ್ಲಿ ಎರಡು ಮಾತುಗಳುಂಟು. ‘ಹಸ್ತಕ್ಷೇಪ’ ಎಂಬುದು ಗ್ರಂಥಸ್ಥವಾದ ಮಾತು. ನ್ಯಾಯಾಲಯಗಳೂ ಪತ್ರಿಕೆಗಳೂ ಬಳಸುವಂಥದು. ‘ಕೈವಾಡ’ ಎಂಬುದು ಜನ ಆಡುವ ಮಾತು. ಎರಡರಲ್ಲಿಯೂ ಕೈ ಇದೆ. ಆದರೆ ಎರಡರ ಅರ್ಥ ಒಂದೇ ಅಲ್ಲ. ಹಸ್ತಕ್ಷೇಪ ಮಾಡುವವನ ಕೈ ಕಣ್ಣಿಗೆ ಕಾಣುತ್ತದೆ. ಕೈವಾಡದಲ್ಲಿ ನಡೆದ ಕೆಲಸ ಕಾಣುತ್ತದೆಯೇ ಹೊರತು ಕೈ ಕಾಣುವುದಿಲ್ಲ. ಅಂತರರಾಷ್ಟ್ರೀಯ ಕಾನೂನು ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ವಿಚಾರ ಮಾಡುತ್ತ ಬಂದಿರುವುದು ಮೊದಲನೆಯದನ್ನು. ಇಂದು ಮತದಾರನನ್ನು ಕಾಡುತ್ತಿರುವುದು ಎರಡನೆಯದು. ಈ ಭೇದವನ್ನು ತಿಳಿಯಲು ನಾವು ಮೊದಲು ವಾಷಿಂಗ್ಟನ್ನಿಗೋ ಮಾಸ್ಕೋವಿಗೋ ಹೋಗಬೇಕಾದ್ದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರಿನ ಇತಿಹಾಸದಲ್ಲಿಯೇ ಅದಕ್ಕೆ ಬೇಕಾದ ಸಾಮಗ್ರಿ ಇದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರಂದು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವಾಯಿತು. ಆ ಒಪ್ಪಂದವನ್ನು ಇಂದು ಓದಿದರೆ, ಹಸ್ತಕ್ಷೇಪ ಎಂಬುದರ ಪೂರ್ಣ ವ್ಯಾಖ್ಯಾನವೇ ಅಲ್ಲಿ ದೊರೆಯುತ್ತದೆ. ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಯ ಸೈನ್ಯದ ವೆಚ್ಚಕ್ಕೆ ಸಲ್ಲಿಸಬೇಕು. ಹಣ ಸಲ್ಲದೆ ಹೋಗಬಹುದೆಂಬ ಶಂಕೆ ಗವರ್ನರ್ ಜನರಲ್ಲನಿಗೆ ಬಂದರೆ, ಅವನು ರಾಜ್ಯದ ಆಡಳಿತಕ್ಕೆ ನಿಯಮಗಳನ್ನು ವಿಧಿಸಬಹುದು. ಇಲ್ಲವೆ ರಾಜ್ಯದ ಯಾವುದೇ ಭಾಗವನ್ನು ನೇರವಾಗಿ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಮಹಾರಾಜರು ಕಂಪನಿಯ ಸಲಹೆಗೆ ಸದಾ ಕಿವಿಗೊಡಬೇಕು. ಕಂಪನಿಗೆ ತಿಳಿಸದೆ, ಅದರ ಅನುಮತಿಯಿಲ್ಲದೆ, ಬೇರೆ ಯಾವ ರಾಜ್ಯದೊಡನೆಯೂ ಪತ್ರವ್ಯವಹಾರ ಮಾಡಕೂಡದು. ಹಣ ಸಲ್ಲದೆ ಹೋಗುವುದು ಬೇರೆ, ಸಲ್ಲದೆ ಹೋಗಬಹುದೆಂದು ಇನ್ನೊಬ್ಬನಿಗೆ ತೋರುವುದು ಬೇರೆ. ಒಪ್ಪಂದ ಹಿಡಿದದ್ದು ಎರಡನೆಯದನ್ನು. ಒಂದು ರಾಜ್ಯದ ಹಣೆಬರಹವನ್ನು ಪರರ ಶಂಕೆಯ ಮೇಲೆ ನಿಲ್ಲಿಸಿದ ಈ ಮಾತು ಮೂವತ್ತೆರಡು ವರ್ಷ ಕಾಗದದ ಮೇಲೆ ಮಲಗಿತ್ತು, 1831ರಲ್ಲಿ ಎದ್ದಿತು.

ನಗರದ ಕಡೆ ರೈತರು ದಂಗೆಯೆದ್ದರು. ಕಂದಾಯದ ಕಾಟ, ಗುತ್ತಿಗೆದಾರರ ಕಾಟ, ಅಧಿಕಾರಿಗಳ ಪಕ್ಷಪಾತ ಎಲ್ಲವೂ ಆ ದಂಗೆಯ ಹಿಂದೆ ಇದ್ದವು. ಆಡಳಿತ ನಿರ್ದೋಷಿಯಾಗಿತ್ತೆಂದು ಮಹಾರಾಜರ ಅಭಿಮಾನಿಗಳೂ ಹೇಳಲಾರರು. ಆದರೆ ಕಂಪನಿಗೆ ಸಲ್ಲಬೇಕಾದ ಹಣ ನಿಂತಿರಲಿಲ್ಲ ಎಂಬುದು ಅವರ ಪಕ್ಷದ ವಾದ. ಗವರ್ನರ್ ಜನರಲ್ ಬೆಂಟಿಂಕ್ ಒಪ್ಪಂದದ ಆ ವಾಕ್ಯವನ್ನು ಹಿಡಿದು ಅಕ್ಟೋಬರಿನಲ್ಲಿ ರಾಜ್ಯದ ಒಂದು ಭಾಗವನ್ನಲ್ಲ, ಇಡೀ ರಾಜ್ಯವನ್ನು ವಶಪಡಿಸಿಕೊಂಡ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಹಾಕರ್, ಮಾರಿಸನ್, ಮ್ಯಾಕ್‌ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ನೇಮಕವಾಗಿ, 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಮುಂಚೆ ಬಂದ ದೂರುಗಳಲ್ಲಿ ಉತ್ಪ್ರೇಕ್ಷೆಯಿತ್ತೆಂಬುದು ಆಗ ತಿಳಿಯಿತು. ಬೆಂಟಿಂಕನ ಮನಸ್ಸೂ ಅಳುಕಿರಬೇಕು. 1834ರಲ್ಲಿ ರಾಜ್ಯದ ಹೆಚ್ಚು ಭಾಗವನ್ನು ಹಿಂದಿರುಗಿಸಬಹುದೆಂದು ಅವನೇ ಸೂಚಿಸಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಕಮಿಷನರುಗಳ ಆಡಳಿತ ಐವತ್ತು ವರ್ಷ ನಡೆಯಿತು. ರಾಜಧಾನಿ ಬೆಂಗಳೂರಿಗೆ ಬಂದದ್ದು ಆಗಲೇ. ಕಬ್ಬನ್ ಪಾರ್ಕಿನಲ್ಲಿ ಸಂಜೆ ಅಡ್ಡಾಡುವವರಿಗೆ ಆ ಹೆಸರಿನ ಹಿಂದೆ ಇಷ್ಟು ಕಥೆಯಿದೆಯೆಂಬುದು ಬಹುಶಃ ನೆನಪಾಗದು.

ಇಷ್ಟು ಒಂದು ಬದಿ. ಇದಕ್ಕೆ ಎದುರಾಗಿ ನಡೆದ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ.

ಮಹಾರಾಜರಿಗೆ ವಯಸ್ಸಾಯಿತು. ಔರಸಪುತ್ರರಿಲ್ಲ. ಅವರ ಕಾಲಾನಂತರ ರಾಜ್ಯ ತಮಗೇ ಸೇರಬೇಕೆಂದು ಕಲ್ಕತ್ತೆಯ ಅಧಿಕಾರಿಗಳು ಲೆಕ್ಕ ಹಾಕಿದ್ದರು. 1865ರ ಜೂನ್ 18ರಂದು ಮಹಾರಾಜರು ಬೆಟ್ಟದಕೋಟೆಯ ಮನೆತನದ ಶಿಶುವನ್ನು ದತ್ತು ತೆಗೆದುಕೊಂಡರು. ಮುಂದೆ ಚಾಮರಾಜೇಂದ್ರ ಒಡೆಯರಾದವರು ಅವರೇ. ದತ್ತಕವನ್ನು ಮಾನ್ಯ ಮಾಡಲು ಗವರ್ನರ್ ಜನರಲ್ ಸರ್ ಜಾನ್ ಲಾರೆನ್ಸ್ ಸಿದ್ಧನಿರಲಿಲ್ಲ. ಆಗ ಮೈಸೂರು ಮಾಡಿದ್ದೇನು? ಕತ್ತಿ ಹಿಡಿಯುವ ಕಾಲ ಮುಗಿದಿತ್ತು. ಅರಮನೆಯ ವೈದ್ಯರಾಗಿದ್ದ ಡಾಕ್ಟರ್ ಕ್ಯಾಂಬೆಲ್ ಲಂಡನ್ನಿಗೆ ಹೋಗಿ ಮಹಾರಾಜರ ಪಕ್ಷವನ್ನು ಹಿಡಿದು ಓಡಾಡಿದರು. ಮೇಜರ್ ಇವಾನ್ಸ್ ಬೆಲ್ ಎಂಬ ಸೇನಾಧಿಕಾರಿ 1865ರಲ್ಲಿ ‘ದಿ ಮೈಸೂರ್ ರಿವರ್ಷನ್’ ಎಂಬ ಪುಸ್ತಕವನ್ನೇ ಬರೆದು, ಒಪ್ಪಂದವನ್ನು ಕಲಮು ಕಲಮಾಗಿ ಬಿಡಿಸಿ, ತಮ್ಮ ಸರ್ಕಾರ ಮಾಡಹೊರಟಿದ್ದು ಅನ್ಯಾಯವೆಂದು ವಾದಿಸಿದರು. 1866ರಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕಾಮನ್ಸ್ ಸಭೆಯಲ್ಲಿ ಮೈಸೂರಿನ ಪರವಾದ ಮನವಿಯನ್ನು ಮಂಡಿಸಿದರು. ಕೊನೆಗೆ 1867ರ ಏಪ್ರಿಲಿನಲ್ಲಿ, ಭಾರತ ಮಂತ್ರಿ ಸರ್ ಸ್ಟ್ಯಾಫರ್ಡ್ ನಾರ್ತ್‌ಕೋಟ್ ದತ್ತುಪುತ್ರನಿಗೆ ರಾಜ್ಯ ಸಲ್ಲುವುದೆಂದು ತೀರ್ಮಾನಿಸಿದ. ಮರುವರ್ಷ ಮಾರ್ಚಿ 27ರಂದು ಮಹಾರಾಜರು ತೀರಿಕೊಂಡರು. 1881ರ ಮಾರ್ಚಿ 25ರಂದು ರಾಜ್ಯ ಹಿಂದಿರುಗಿ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಆದರೆ ಹಿಂದಿರುಗಿಸಿದ ಪತ್ರದಲ್ಲಿಯೂ ಹಸ್ತಕ್ಷೇಪದ ಬಾಗಿಲನ್ನು ಮುಚ್ಚಿರಲಿಲ್ಲ: ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ಲನ ಒಪ್ಪಿಗೆಯಿಲ್ಲದೆ ಬದಲಾಯಿಸುವಂತಿರಲಿಲ್ಲ.

ಈಗ ಒಂದು ಪ್ರಶ್ನೆ. ಲಂಡನ್ನಿನಲ್ಲಿ ಮೈಸೂರು ಮಾಡಿದ್ದು ಇನ್ನೊಂದು ದೇಶದ ರಾಜಕಾರಣದಲ್ಲಿ ಕೈಹಾಕಿದಂತೆ ಅಲ್ಲವೇ? ಹೊರಗಿನ ಅರಸನೊಬ್ಬ ಆ ದೇಶದ ಶಾಸನಸಭೆಯ ಸದಸ್ಯರ ಮನಸ್ಸನ್ನು ತನ್ನ ಕಡೆಗೆ ತಿರುಗಿಸಲು ಹೊರಟದ್ದು ನಿಜ. ಆದರೂ ಅದನ್ನು ಹಸ್ತಕ್ಷೇಪವೆಂದು ಕರೆಯಲು ನಾಲಗೆ ಹೊರಳುವುದಿಲ್ಲ. ಕಾರಣ ಅರಸರು ನಮ್ಮವರೆಂಬುದಷ್ಟೇ ಅಲ್ಲ. ಬೆಲ್ ಪುಸ್ತಕದ ಮೇಲೆ ಬೆಲ್ಲರ ಹೆಸರಿತ್ತು. ಮನವಿಯ ಕೆಳಗೆ ಸಹಿಗಳಿದ್ದವು. ಕ್ಯಾಂಬೆಲ್ ಯಾರ ಕಡೆಯವರೆಂಬುದು ಅವರನ್ನು ಕಂಡವರಿಗೆಲ್ಲ ಗೊತ್ತಿತ್ತು. ಓದಿದವನು ‘ಇದು ಮಹಾರಾಜರ ಪಕ್ಷದ ಮಾತು’ ಎಂದುಕೊಂಡು, ಅದಕ್ಕೆ ತಕ್ಕಷ್ಟು ಕಳೆದು ಕೂಡಿ, ತನ್ನ ತೀರ್ಮಾನಕ್ಕೆ ಬರಬಹುದಿತ್ತು. ಬರದೆಯೂ ಇರಬಹುದಿತ್ತು.

ನಮ್ಮ ಕಚೇರಿಗಳ ಕನ್ನಡದಲ್ಲಿ ಇದಕ್ಕೆ ಸೊಗಸಾದ ಮಾತುಗಳಿವೆ. ಹೆಸರು, ವಿಳಾಸ, ರುಜು ಇದ್ದರೆ ಅದು ಅರ್ಜಿ. ಅವಾವುವೂ ಇಲ್ಲದಿದ್ದರೆ ಮೂಗರ್ಜಿ. ಮೂಗರ್ಜಿ ಎಷ್ಟೇ ವಾಚಾಳಿಯಾಗಿದ್ದರೂ ಹೆಸರು ಹೇಳುವ ಮಟ್ಟಿಗೆ ಮೂಕವೇ. ಕನ್ನಡ ವಿಭಾಗದ ಮುಖ್ಯಸ್ಥನ ಕುರ್ಚಿಯಲ್ಲಿ ಕೆಲವು ವರ್ಷ ಕುಳಿತವನಿಗೆ ಈ ಸಾಹಿತ್ಯಪ್ರಕಾರದ ಪರಿಚಯ ಸಾಕಷ್ಟಾಗುತ್ತದೆ. ಅದರಲ್ಲಿ ಕೆಲವೊಮ್ಮೆ ನಿಜವೂ ಇರುತ್ತದೆ. ಆದರೆ ಯಾವ ಹಗೆತನದಿಂದ, ಯಾವ ಲಾಭಕ್ಕಾಗಿ ಆ ನಿಜವನ್ನು ಹೇಳಿದ್ದಾರೆಂದು ತೂಗಿ ನೋಡುವ ತಕ್ಕಡಿಯನ್ನೇ ಬರೆದವನು ಕಿತ್ತುಕೊಂಡಿರುತ್ತಾನೆ.

ಅಂತರರಾಷ್ಟ್ರೀಯ ಕಾನೂನು ಮೂಗರ್ಜಿಯ ವಿಚಾರವನ್ನು ಎತ್ತಿಕೊಳ್ಳಲೇ ಇಲ್ಲ ಎನ್ನಬೇಕು. ಸ್ವಿಟ್ಜರ್ಲೆಂಡಿನ ಎಮೆರಿಕ್ ವಾಟೆಲ್ 1758ರಲ್ಲಿ, ಹೈದರಾಲಿ ಮೈಸೂರಿನಲ್ಲಿ ತಲೆಯೆತ್ತುತ್ತಿದ್ದ ಕಾಲದಲ್ಲಿ, ಪ್ರತಿ ರಾಷ್ಟ್ರವೂ ತನ್ನ ಆಡಳಿತವನ್ನು ತಾನೇ ನಿರ್ಣಯಿಸಿಕೊಳ್ಳತಕ್ಕದ್ದು, ಪರರಿಗೆ ಅಲ್ಲಿ ಅಧಿಕಾರವಿಲ್ಲ ಎಂದು ಬರೆದ. ಆ ತತ್ವವನ್ನು ಯೂರೋಪಿನವರು ತಮ್ಮ ತಮ್ಮೊಳಗೆ ಒಪ್ಪಿಕೊಂಡರೇ ಹೊರತು ಮೈಸೂರಿನಂಥ ರಾಜ್ಯಗಳಿಗೆ ಅನ್ವಯಿಸಲಿಲ್ಲ. ಸ್ವಾತಂತ್ರ್ಯ ಪಡೆದ ಹೊಸ ರಾಷ್ಟ್ರಗಳ ಸಂಖ್ಯೆ ಹೆಚ್ಚಿದ ಮೇಲೆ ವಿಶ್ವಸಂಸ್ಥೆಯ ಮಹಾಸಭೆ 1965ರಲ್ಲಿಯೂ 1970ರಲ್ಲಿಯೂ ಪರರಾಷ್ಟ್ರದ ಒಳ ವ್ಯವಹಾರದಲ್ಲಿ ಪ್ರವೇಶಿಸಕೂಡದೆಂಬ ಘೋಷಣೆಗಳನ್ನು ಅಂಗೀಕರಿಸಿತು. ಚುನಾವಣೆಯನ್ನೇ ಹೆಸರಿಸಿದ ನಿರ್ಣಯ 1989ರ ಡಿಸೆಂಬರಿನಲ್ಲಿ ಬಂತು. ಆದರೆ ತತ್ವಕ್ಕೆ ನ್ಯಾಯಾಲಯದ ಮುದ್ರೆ ಬಿದ್ದದ್ದು 1986ರ ಜೂನ್ 27ರಂದು, ನಿಕರಾಗುವ ಅಮೆರಿಕದ ಮೇಲೆ ಹೂಡಿದ ಮೊಕದ್ದಮೆಯಲ್ಲಿ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಗ ಅಧ್ಯಕ್ಷರಾಗಿದ್ದವರು ನಮ್ಮ ದೇಶದ ನಾಗೇಂದ್ರ ಸಿಂಗ್. ರಾಜಕೀಯ, ಆರ್ಥಿಕ, ಸಾಮಾಜಿಕ ವ್ಯವಸ್ಥೆಯ ಆಯ್ಕೆ ಆಯಾ ರಾಷ್ಟ್ರದ ಸ್ವಾತಂತ್ರ್ಯಕ್ಕೆ ಬಿಟ್ಟದ್ದು; ಆ ಆಯ್ಕೆಯ ಮೇಲೆ ಬಲಾತ್ಕಾರ ನಡೆದಾಗ ಅದು ನಿಷಿದ್ಧ ಹಸ್ತಕ್ಷೇಪ ಎಂಬುದು ಆ ತೀರ್ಪಿನ ಸಾರ. ಬಲಾತ್ಕಾರವೇ ಅದರ ಜೀವ. ಬಂದರುಗಳಲ್ಲಿ ಸ್ಫೋಟಕಗಳನ್ನಿಟ್ಟದ್ದು, ಬಂಡಾಯಗಾರರಿಗೆ ಆಯುಧ ಕೊಟ್ಟು ತರಬೇತು ಮಾಡಿದ್ದು ಮೊದಲಾದವು ನ್ಯಾಯಾಲಯದ ಎದುರಿಗಿದ್ದವು. 1831ರ ಬೆಂಟಿಂಕನ ಕೃತ್ಯವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಬಣ್ಣ ಕೂಡಲೇ ತಿಳಿಯುತ್ತದೆ. ಕೈವಾಡವನ್ನು ಹಚ್ಚಿದರೆ? ಮತದಾರನನ್ನು ಯಾರೂ ಹೆದರಿಸಲಿಲ್ಲ, ಕೈ ತಿರುಚಲಿಲ್ಲ. ಅವನಿಗೆ ಸುಳ್ಳು ಹೇಳಿದರು, ಹೇಳಿದವರು ಯಾರೆಂಬುದನ್ನು ಮರೆಸಿದರು, ಅಷ್ಟೆ. ಅದು ಬಲಾತ್ಕಾರವೇ ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ.

ಈ ಬಗೆಯ ವ್ಯವಹಾರ ಗಣಕಯಂತ್ರಗಳೊಡನೆ ಹುಟ್ಟಿತೆಂದು ಭಾವಿಸಬೇಕಾದ್ದಿಲ್ಲ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ನಡೆಯಿತು. ಇಂದಿರಾ ಗಾಂಧಿ ಒಂದು ಕಡೆ, ವೀರೇಂದ್ರ ಪಾಟೀಲರು ಇನ್ನೊಂದು ಕಡೆ. ಹೊರದೇಶಗಳ ಪತ್ರಕರ್ತರು ಕಾಫಿ ತೋಟಗಳ ಆ ಊರಿಗೆ ದಂಡುಕಟ್ಟಿ ಬಂದರು. ಅವರು ಬಂದದ್ದು, ಕೇಳಿದ್ದು, ಬರೆದದ್ದು ಎಲ್ಲವೂ ಬಹಿರಂಗ. ಅದರಿಂದ ಯಾರ ಸ್ವಾತಂತ್ರ್ಯವೂ ಕೆಡಲಿಲ್ಲ. ಅದೇ ವರ್ಷ, ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೊಯ್ನಿಹನ್ ತನ್ನ ನೆನಪುಗಳ ಪುಸ್ತಕದಲ್ಲಿ, ಕೇರಳ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟರನ್ನು ತಡೆಯಲು ತಮ್ಮವರು ಎರಡು ಸಲ ಕಾಂಗ್ರೆಸ್ಸಿಗೆ ಹಣ ಕೊಟ್ಟಿದ್ದರೆಂದು ಬರೆದ. ಇಂದಿರಾ ಅವರು ಅದನ್ನು ಅಲ್ಲಗಳೆದರು. 2005ರಲ್ಲಿ ಸೋವಿಯತ್ ಗೂಢಚರ್ಯೆಯ ಮಿತ್ರೋಖಿನ್ ಕಡತಗಳ ಎರಡನೆಯ ಸಂಪುಟ ಹೊರಬಂದಾಗ ಎದುರು ಬಣದ ಹಣದ ಕಥೆಯೂ, ಭಾರತದ ಪತ್ರಿಕೆಗಳಲ್ಲಿ ಮೂಲ ಮರೆಸಿ ಲೇಖನ ಹಾಕಿಸುತ್ತಿದ್ದರೆಂಬ ಆರೋಪವೂ ಬಂದವು. ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ಇತಿಹಾಸಕಾರರು ಜಗಳವಾಡುತ್ತಲೇ ಇದ್ದಾರೆ. ಮೂಗರ್ಜಿಗಳ ಇತಿಹಾಸ ಬರೆಯುವುದು ಸುಲಭವಲ್ಲ.

ನಮ್ಮ ದೇಶದ ಕಾನೂನು ಹಣದ ದಾರಿಯನ್ನು ಮುಚ್ಚಲು 1976ರಲ್ಲಿಯೇ ಪ್ರಯತ್ನಿಸಿತು. ಅಭ್ಯರ್ಥಿಗಳು, ಪಕ್ಷಗಳು, ಶಾಸಕರು, ಪತ್ರಿಕಾ ಸಂಪಾದಕರು ಇವರಾರೂ ವಿದೇಶೀ ದೇಣಿಗೆ ಪಡೆಯಕೂಡದೆಂದು ವಿಧಿಸಿದ ಆ ಕಾಯಿದೆ ತುರ್ತು ಪರಿಸ್ಥಿತಿಯ ಕೂಸು. ‘ವಿದೇಶೀ ಕೈ’ ಎಂಬ ಆರೋಪವನ್ನು ವಿರೋಧಿಗಳ ಬಾಯಿ ಕಟ್ಟಲು ಧಾರಾಳವಾಗಿ ಬಳಸಿದ ಕಾಲ ಅದು. ವಾಜಪೇಯಿ, ಆಡ್ವಾಣಿ ಮೊದಲಾದವರು ನಮ್ಮ ಬೆಂಗಳೂರಿನ ಸೆರೆಮನೆಯಲ್ಲಿದ್ದ ಕಾಲ. ಕಾಯಿದೆಯ ಮುಂದಿನ ಕಥೆ ಇನ್ನೂ ವಿಚಿತ್ರ. 2014ರ ಮಾರ್ಚಿ 28ರಂದು ದೆಹಲಿ ಉಚ್ಚ ನ್ಯಾಯಾಲಯವು ದೇಶದ ಎರಡು ದೊಡ್ಡ ಪಕ್ಷಗಳೂ ಬ್ರಿಟನ್ನಿನ ಕಂಪನಿಯೊಂದರ ಅಂಗಸಂಸ್ಥೆಗಳಿಂದ ದೇಣಿಗೆ ಪಡೆದು ಕಾಯಿದೆಯನ್ನು ಮೀರಿವೆಯೆಂದು ತೀರ್ಪಿತ್ತಿತು. ಪಕ್ಷಗಳು ತಿದ್ದಿಕೊಳ್ಳಲಿಲ್ಲ, ಕಾಯಿದೆಯೇ ತಿದ್ದುಪಡಿಯಾಯಿತು. 2016ರ ಹಣಕಾಸು ಕಾಯಿದೆ ‘ವಿದೇಶೀ ಮೂಲ’ ಎಂಬುದರ ವ್ಯಾಖ್ಯೆಯನ್ನು ಸಡಿಲಿಸಿತು. 2018ರದು ಆ ಸಡಿಲಿಕೆಯನ್ನು ಹಿಂದಕ್ಕೆ, 1976ರವರೆಗೂ ಒಯ್ದಿತು. ಲೋಕಸಭೆಯಲ್ಲಿ ಚರ್ಚೆಯೂ ಆಗಲಿಲ್ಲ. ಮಿಕ್ಕೆಲ್ಲದರಲ್ಲಿ ಹಾವು ಮುಂಗುಸಿಯಂತಿರುವ ಎರಡು ಪಕ್ಷಗಳಿಗೂ ಇದರಿಂದ ಸಮಾನವಾಗಿ ಅನುಕೂಲವಾಯಿತೆಂಬುದನ್ನು ಗಮನಿಸಬೇಕು. ಕೊಟ್ಟವರ ಹೆಸರನ್ನು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡುಗಳನ್ನು 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿದಾಗ, ಹಣದ ಹಿಂದಿನ ಹೆಸರನ್ನು ತಿಳಿಯುವುದು ಮತದಾರನ ಹಕ್ಕೆಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ಇನ್ನು ನಮ್ಮ ಕಾಲದ ಮಾತು. 2018ರ ಏಪ್ರಿಲ್ 5ರಂದು ಫೇಸ್‌ಬುಕ್ ಕಂಪನಿ ಒಂದು ಸಂಗತಿಯನ್ನು ಒಪ್ಪಿಕೊಂಡಿತು. ಭಾರತದಲ್ಲಿ 335 ಮಂದಿ ಒಂದು ಪ್ರಶ್ನಾವಳಿಯ ತಂತ್ರಾಂಶವನ್ನು ತಮ್ಮ ಖಾತೆಗೆ ಸೇರಿಸಿಕೊಂಡಿದ್ದರು. ಅವರ ಮೂಲಕ ಅವರ ಸ್ನೇಹಿತರು, ಪರಿಚಿತರು ಸೇರಿ ಒಟ್ಟು 5,62,455 ಭಾರತೀಯರ ವಿವರಗಳು ಬ್ರಿಟನ್ನಿನ ಕೇಂಬ್ರಿಡ್ಜ್ ಅನಾಲಿಟಿಕಾ ಎಂಬ ಸಂಸ್ಥೆಯ ಕೈಗೆ ಹೋಗಿರಬಹುದೆಂದು ಅದು ತಿಳಿಸಿತು. ಐದು ವಾರ ಕಳೆದು ಮೇ 12ರಂದು ಕರ್ನಾಟಕ ವಿಧಾನಸಭೆಗೆ ಮತದಾನವಾಯಿತು. ಆ ವಿವರಗಳನ್ನು ನಮ್ಮ ಚುನಾವಣೆಗೆ ಬಳಸಿದರೆಂದು ಹೇಳಲು ಆಧಾರವಿಲ್ಲ. ಇಲ್ಲಿ ಗಮನಿಸತಕ್ಕದ್ದು ಲೆಕ್ಕದ ರೀತಿ: 335 ಜನ ಬಾಗಿಲು ತೆರೆದರು, ಐದೂವರೆ ಲಕ್ಷ ಜನರ ಮನೆಯೊಳಗೆ ಇಣುಕಿ ನೋಡಿದಂತಾಯಿತು. ಯಾರಿಗೆ ಯಾವುದು ಪ್ರಿಯ, ಯಾವುದಕ್ಕೆ ಯಾರು ಬೆಚ್ಚುತ್ತಾರೆ ಎಂಬುದು ತಿಳಿದವನು ಒಬ್ಬೊಬ್ಬನಿಗೆ ಒಂದೊಂದು ಮೂಗರ್ಜಿ ಬರೆಯಬಲ್ಲ. ಒಬ್ಬನಿಗೆ ಬಂದದ್ದು ನೆರೆಯವನಿಗೆ ಕಾಣುವುದಿಲ್ಲ. ಎರಡು ವರ್ಷ ಮುಂಚೆ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಕಟ್ಟಡವೊಂದರಲ್ಲಿ ಕುಳಿತ ರಷ್ಯದ ನೌಕರರು ಅಮೆರಿಕನ್ನರ ವೇಷ ಧರಿಸಿ ಬರೆದರೆಂದು 2018ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ 13 ಮಂದಿಯ ಮೇಲೂ ಮೂರು ಸಂಸ್ಥೆಗಳ ಮೇಲೂ ದೋಷಾರೋಪ ಹೊರಿಸಿತು.

2024ರ ಮೇ ತಿಂಗಳಲ್ಲಿ ಈ ವ್ಯವಹಾರ ನಮ್ಮ ಹೊಸ್ತಿಲಿಗೂ ಬಂತು. ಕರ್ನಾಟಕದಲ್ಲಿ ಏಪ್ರಿಲ್ 26ರಂದು ಮತ್ತು ಮೇ 7ರಂದು ಲೋಕಸಭೆಗೆ ಮತದಾನ. ದೇಶದ ಉಳಿದ ಭಾಗಗಳಲ್ಲಿ ಜೂನ್ 1ರವರೆಗೆ. ಇಸ್ರೇಲಿನ ಸ್ಟೋಯಿಕ್ ಎಂಬ ವ್ಯಾಪಾರಿ ಸಂಸ್ಥೆ, ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಭಾರತದ ಚುನಾವಣೆಯ ಬಗ್ಗೆ ಟಿಪ್ಪಣಿಗಳನ್ನು ಬರೆಯಿಸಿ, ಆಳುವ ಪಕ್ಷವನ್ನು ತೆಗಳಿ, ಕಾಂಗ್ರೆಸ್ಸನ್ನು ಹೊಗಳಿ ಹರಡಲು ತೊಡಗಿತ್ತೆಂದು ಆ ಯಂತ್ರದ ಒಡೆತನವುಳ್ಳ ಅಮೆರಿಕದ ಓಪನ್‌ಎಐ ಕಂಪನಿ ಮೇ 30ರಂದು ಪ್ರಕಟಿಸಿತು. ಆರಂಭವಾದ ಇಪ್ಪತ್ತನಾಲ್ಕು ಗಂಟೆಯೊಳಗೆ ತಡೆದೆವೆಂದೂ ಹೇಳಿತು. ಪರಿಣಾಮ ಏನೂ ಆಗಿರಲಾರದು. ಆದರೆ ಕಾನೂನಿನ ದೃಷ್ಟಿಯಿಂದ ಈ ಪುಟ್ಟ ಘಟನೆ ದೊಡ್ಡದು. ಹಸ್ತಕ್ಷೇಪ ಕೂಡದೆಂಬ ನಿಯಮ ರಾಷ್ಟ್ರಗಳನ್ನು ಕಟ್ಟಿಹಾಕುತ್ತದೆ. ಬಾಡಿಗೆಗೆ ದುಡಿಯುವ ಅಂಗಡಿಯನ್ನಲ್ಲ. ಆ ಅಂಗಡಿ ಒಂದು ರಾಷ್ಟ್ರದ ಅಪ್ಪಣೆಯಂತೆ, ಅದರ ಹತೋಟಿಯಲ್ಲಿ ಕೆಲಸ ಮಾಡಿತೆಂದು ಸಿದ್ಧವಾದರೆ ಮಾತ್ರ ರಾಷ್ಟ್ರ ಹೊಣೆಯಾಗುತ್ತದೆ. ಹಣ ಕೊಟ್ಟವರಾರೆಂಬುದು ಆ ವರದಿಯಲ್ಲಿಲ್ಲ. ಫಿರ್ಯಾದು ಕೊಡೋಣವೆಂದರೆ ಪ್ರತಿವಾದಿಯ ಹೆಸರಿಲ್ಲ.

2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ಅಟಾರ್ನಿ ಜನರಲ್ ಜೆರೆಮಿ ರೈಟ್, ಪರರಾಷ್ಟ್ರದ ಚುನಾವಣಾ ವ್ಯವಸ್ಥೆಯನ್ನು ಯಾಂತ್ರಿಕ ದಾಳಿಯಿಂದ ಕೆಡಿಸಿ ಫಲಿತಾಂಶ ಬದಲಿಸುವುದು ನಿಷಿದ್ಧ ಹಸ್ತಕ್ಷೇಪವೆಂದು ಸರ್ಕಾರದ ಪರವಾಗಿ ಸಾರಿದರು. 1831ರ ಮೈಸೂರನ್ನು ನೆನೆದಾಗ ತುಟಿಯಲ್ಲಿ ನಗೆ ಸುಳಿಯುತ್ತದೆ. ಆದರೂ ಮಾತು ಸರಿಯಾದದ್ದೇ. ಎಣಿಕೆಯನ್ನು ಕೆಡಿಸುವುದು ಬಲಾತ್ಕಾರವೆಂಬುದರಲ್ಲಿ ಹೆಚ್ಚು ವಿವಾದವಿಲ್ಲ. ಎಣಿಸುವ ಯಂತ್ರವನ್ನು ಬಿಟ್ಟು, ಒತ್ತುವ ಬೆರಳಿನ ಹಿಂದಿರುವ ಮನಸ್ಸನ್ನು ಕೆಡಿಸಿದಾಗ ಏನು ಎಂಬುದೇ ತೊಡಕು. ಇದಕ್ಕೆ ಉತ್ತರದ ಎಳೆ ಸಿಕ್ಕುವುದು ರಾಷ್ಟ್ರಗಳ ಹಕ್ಕಿನ ಕಾನೂನಿನಲ್ಲಲ್ಲ, ಮನುಷ್ಯರ ಹಕ್ಕಿನ ಕಾನೂನಿನಲ್ಲಿ ಎಂದು ನನಗೆ ತೋರುತ್ತದೆ. 1979ರಲ್ಲಿ ಭಾರತವೂ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 25ನೆಯ ವಿಧಿ ಮತದಾನದ ಹಕ್ಕನ್ನು ಹೇಳುತ್ತದೆ. ಅದನ್ನು 1996ರಲ್ಲಿ ವಿವರಿಸುತ್ತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಮತದಾರನು ತನ್ನ ಅಭಿಪ್ರಾಯವನ್ನು ಬೆದರಿಕೆಯಿಂದ ಮಾತ್ರವಲ್ಲ, ಆಮಿಷದಿಂದಲೂ, ವಂಚನೆಯ ಕೈಚಳಕದಿಂದಲೂ ದೂರವಾಗಿ ರೂಪಿಸಿಕೊಳ್ಳುವಂತಿರಬೇಕೆಂದಿತು. ಇಲ್ಲಿ ಬಲಾತ್ಕಾರದ ಪಕ್ಕದಲ್ಲಿ ಕೈವಾಡಕ್ಕೂ ಹೆಸರು ಬಂದಿದೆ.

ನಮ್ಮ ಊರಿನ ಕಾನೂನಿನಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ಉಪಾಯವೊಂದಿದೆ. ನಾನಿರುವ ವಸಂತಪುರದಲ್ಲಿ ಚುನಾವಣೆ ಬಂದಾಗ ಈಗಲೂ ಬಾಗಿಲ ಸಂದಿಯಲ್ಲಿ ಕರಪತ್ರಗಳು ಬೀಳುತ್ತವೆ. ಅವುಗಳ ಕಾಲಬಳಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಕ ಮತ್ತು ಪ್ರಕಾಶಕರ ಹೆಸರು ವಿಳಾಸಗಳಿರುತ್ತವೆ. ಜನತಾ ಪ್ರಾತಿನಿಧ್ಯ ಕಾಯಿದೆಗೆ 1961ರಲ್ಲಿ ಸೇರಿಸಿದ 127ಎ ವಿಧಿಯ ಕಟ್ಟಳೆ ಅದು. ಅಚ್ಚು ಹಾಕಿಸುವವನು ತಾನು ಯಾರೆಂದು ಬರೆದು ಸಹಿ ಮಾಡಿಕೊಡಬೇಕು. ಅವನನ್ನು ಸ್ವತಃ ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ಮುದ್ರಕನು ಒಂದು ಪ್ರತಿಯನ್ನು ಅಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳ ಸಜೆ, ಇಲ್ಲವೆ 2,000 ರೂಪಾಯಿ ದಂಡ, ಇಲ್ಲವೆ ಎರಡೂ. ಕರಪತ್ರದಲ್ಲಿ ಏನು ಬರೆಯಬೇಕೆಂದು ಈ ವಿಧಿ ಹೇಳುವುದಿಲ್ಲ; ಬರೆಸಿದವರು ಯಾರೆಂದು ಮಾತ್ರ ಕೇಳುತ್ತದೆ. ಅದೇ ಕರಪತ್ರದ ಮಾತು ದೂರವಾಣಿಯಲ್ಲಿ ಕೈಯಿಂದ ಕೈಗೆ ಹರಿದು ಬಂದಾಗ ಕಾಲಬಳಿಯ ಆ ಸಾಲು ಉದುರಿಹೋಗಿರುತ್ತದೆ. ಯಂತ್ರದಿಂದ ಸೃಷ್ಟಿಸಿದ ಪ್ರಚಾರಕ್ಕೆ ಗುರುತು ಹಚ್ಚಬೇಕೆಂದು ಚುನಾವಣಾ ಆಯೋಗ 2025ರ ಜನವರಿಯಲ್ಲಿ ಪಕ್ಷಗಳಿಗೆ ಸೂಚಿಸಿತು. ಪಕ್ಷಗಳಿಗೆ ಸರಿ, ಗಡಿಯಾಚೆ ಕುಳಿತು ಪಕ್ಷದವನಂತೆ ನಟಿಸುವವನಿಗೆ ಸೂಚನೆ ತಲುಪಿಸುವುದು ಯಾವ ವಿಳಾಸಕ್ಕೆ?

ಕೆಲವರು ಇನ್ನೂ ಉಗ್ರವಾದ ಮದ್ದನ್ನು ಪ್ರಯೋಗಿಸಿದ್ದಾರೆ. ರುಮೇನಿಯದಲ್ಲಿ 2024ರ ನವೆಂಬರ್ 24ರಂದು ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತು ನಡೆಯಿತು. ಹೆಚ್ಚು ಜನರಿಗೆ ತಿಳಿಯದಿದ್ದ ಅಭ್ಯರ್ಥಿಯೊಬ್ಬ, ಟಿಕ್‌ಟಾಕ್ ಪ್ರಚಾರದ ಬಲದಿಂದ ಮೊದಲಿಗನಾದ. ಹೊರದೇಶದ ಕೈವಾಡವಿದೆಯೆಂದು ಗೂಢಚರ್ಯೆಯ ಕಾಗದಗಳು ಸೂಚಿಸಿದವು. ಡಿಸೆಂಬರ್ 6ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಲಕ್ಷಾಂತರ ಜನ ಹಾಕಿದ ಮತ, ಅವರಲ್ಲಿ ಎಷ್ಟು ಜನ ಮೋಸಹೋಗಿದ್ದರೆಂದು ಯಾರೂ ಎಣಿಸದೆ, ಇಲ್ಲವಾಯಿತು. 2025ರ ಮೇ ತಿಂಗಳಲ್ಲಿ ಮತ್ತೆ ಚುನಾವಣೆ ನಡೆದು ನಿಕುಶೋರ್ ದಾನ್ ಗೆದ್ದರು.

ತುರ್ತು ಪರಿಸ್ಥಿತಿಯನ್ನು ಕಂಡ ದೇಶದವರಾದ ನಾವು ಇದನ್ನು ಎಚ್ಚರದಿಂದ ನೋಡಬೇಕು. ಹೊರಗಿನವರ ಕೈವಾಡವೆಂಬ ಕೂಗನ್ನು ಒಳಗಿನ ಅಸಮಾಧಾನ ಅಡಗಿಸಲು ಬಳಸುವುದು ಎಲ್ಲ ಸರ್ಕಾರಗಳಿಗೂ ಸುಲಭ. 1831ರಲ್ಲಿಯೂ, ಉತ್ಪ್ರೇಕ್ಷೆಯ ದೂರುಗಳ ಆಧಾರದ ಮೇಲೆಯೇ, ವಿಚಾರಣೆಗೆ ಮುಂಚೆ ರಾಜ್ಯ ಕೈಬಿಟ್ಟುಹೋಗಿತ್ತು. ಯೂರೋಪಿನ ಕಾನೂನು ಪಂಡಿತರ ವೆನಿಸ್ ಆಯೋಗ 2025ರ ಜನವರಿಯಲ್ಲಿ ಈ ವಿಷಯವಾಗಿ ಕೊಟ್ಟ ವರದಿಯಲ್ಲಿ ಹೇಳಿದ್ದು ಇದೇ: ಚುನಾವಣೆಯನ್ನು ರದ್ದು ಮಾಡುವಂಥ ತೀರ್ಮಾನ ಗುಪ್ತ ಕಾಗದಗಳೊಂದನ್ನೇ ನಂಬಿ ನಿಲ್ಲಬಾರದು, ಆಧಾರವೇನೆಂಬುದನ್ನು ಪ್ರಜೆಗಳು ಕಂಡು ಪರೀಕ್ಷಿಸುವಂತಿರಬೇಕು. ಕೈವಾಡವನ್ನು ಆರೋಪಿಸುವವರು ಸಹ ಮೂಗರ್ಜಿಯನ್ನಲ್ಲ, ಅರ್ಜಿಯನ್ನೇ ತರಬೇಕೆಂದು ಇದರ ಅರ್ಥ. ಹೇಗ್ ನಗರದ ನ್ಯಾಯಾಲಯದ ಮುಂದೆ ಚುನಾವಣೆಯ ಇಂಥ ಕೈವಾಡದ ವ್ಯಾಜ್ಯ ಇನ್ನೂ ತೀರ್ಪಿಗೆ ಬಂದಿಲ್ಲ. ಬಂದ ದಿನ ನ್ಯಾಯಮೂರ್ತಿಗಳು ಬಲಾತ್ಕಾರವಾಯಿತೇ ಎಂದು ಮೊದಲು ಕೇಳುವರೋ, ಬರೆದವರು ಯಾರು ಎಂದು ಮೊದಲು ಕೇಳುವರೋ ನೋಡಬೇಕು.